ಬ್ರೇಕ್‌ಗೆ ಎಂಬತ್ತೈದು ಸಾವಿರ ಬೇಕಾ ಅಣ್ಣ?

ಕಾಲೇಜಿನ ಪಾರ್ಕಿಂಗ್‌ನಲ್ಲಿ ಕಾರುಗಳ ಬಗ್ಗೆ ನಡೆಯುವ ಮಾತನ್ನು ಒಂದು ದಿನ ನಿಂತು ಕೇಳಿ. ಎಷ್ಟು ಪಿಎಸ್, ಎಷ್ಟು ಟಾರ್ಕ್, ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡ್, ಇಷ್ಟೇ. ನೂರರಿಂದ ಸೊನ್ನೆಗೆ ಬರಲು ಎಷ್ಟು ಮೀಟರ್ ಬೇಕು ಅಂತ ಕೇಳಿದವರನ್ನು ನಾನಂತೂ ಕಂಡಿಲ್ಲ. ಬ್ರೇಕ್ ವಿಷಯ ಬಂದರೂ ಅದು ಬಣ್ಣದ ವಿಷಯವಾಗಿಯೇ ಬರುತ್ತದೆ. ಅಲಾಯ್ ಚಕ್ರದ ಸಂದಿಯಲ್ಲಿ ಕೆಂಪು ಕ್ಯಾಲಿಪರ್ ಇಣುಕಿದರೆ ಕಾರು ‘ಸ್ಪೋರ್ಟಿ’, ಇಲ್ಲದಿದ್ದರೆ ‘ಫ್ಯಾಮಿಲಿ ಕಾರು’.

ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ಆರನೇ ಸೆಮಿಸ್ಟರ್. ನಮ್ಮ ಕ್ಲಾಸಿನಲ್ಲಿ ಹುಡುಗಿಯರು ನಾಲ್ಕೇ ಜನ. ಕಾರಿನ ಮಾತು ಬಂದಾಗ ನಮ್ಮ ಅಭಿಪ್ರಾಯವನ್ನು ಯಾರೂ ಕೇಳುವುದಿಲ್ಲ, ವರ್ಕ್‌ಶಾಪ್ ರೆಕಾರ್ಡ್ ಬರೆದುಕೊಡಲು ಮಾತ್ರ ನೆನಪಾಗುತ್ತೇವೆ! ಹಾಗಿರುವಾಗ ದೊಡ್ಡಪ್ಪನ ಮಗ ಅಣ್ಣ ಒಂದು ಸಂಜೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ಎಸ್ಟಿಮೇಟ್ ಚೀಟಿಯ ಫೋಟೊ ಕಳಿಸಿದ. ‘ಬಿಗ್ ಬ್ರೇಕ್ ಕಿಟ್’, ಮುಂದಿನ ಎರಡು ಚಕ್ರಕ್ಕೆ, ಫಿಟ್ಟಿಂಗ್ ಸೇರಿ 85,000 ರೂಪಾಯಿ. ಕೆಳಗೆ ಅಣ್ಣನ ಒಂದೇ ಸಾಲು: ‘ಹಾಕ್ಸುದಾ ಬೇಡ್ವಾ, ನೀನು ಓದ್ತಾ ಇರುದು ಇದೇ ಅಲ್ವಾ, ಹೇಳು’.

ಅಣ್ಣ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಕಳೆದ ವರ್ಷ ಸೆಕೆಂಡ್‌ಹ್ಯಾಂಡ್‌ನಲ್ಲಿ 2014ರ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ ತೆಗೆದುಕೊಂಡ. 1.2 ಲೀಟರ್ ಟರ್ಬೊ ಪೆಟ್ರೋಲ್, 105 ಪಿಎಸ್, ಏಳು ಗೇರಿನ ಡಿಎಸ್‌ಜಿ ಆಟೊಮ್ಯಾಟಿಕ್. ಗಾತ್ರದಲ್ಲಿ ಪುಟಾಣಿ, ಓಟದಲ್ಲಿ ಚಿರತೆ. ಮುಂದೆ ಗಾಳಿಯಾಡುವ ಡಿಸ್ಕ್, ಹಿಂದೆ ಡ್ರಮ್. ನಮ್ಮ ಮನೆ ಬೆಳ್ತಂಗಡಿ ಕಡೆ. ಹಾಗಾಗಿ ಬೆಂಗಳೂರಿನಿಂದ ಊರಿಗೆ ಬರುವಾಗ ಹಾಸನ, ಬೇಲೂರು, ಮೂಡಿಗೆರೆ ದಾಟಿ ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯಬೇಕು.

ಕಿಟ್‌ನ ಯೋಚನೆ ಶುರುವಾದದ್ದೇ ಆ ಘಾಟಿಯಲ್ಲಿ. ಯುಗಾದಿಗೆ ಬರುವಾಗ ಅಣ್ಣ ಹಾಸನದಲ್ಲಿ ನನ್ನನ್ನು ಹತ್ತಿಸಿಕೊಂಡಿದ್ದ. ಕಾರಿನಲ್ಲಿ ಅಜ್ಜಿ, ಅತ್ತೆ, ಡಿಕ್ಕಿ ತುಂಬ ಲಗೇಜು. ಗೇರ್ ‘ಡಿ’ನಲ್ಲೇ ಇಟ್ಟು, ಪ್ರತಿ ತಿರುವಿಗೂ ಬ್ರೇಕ್ ಒತ್ತುತ್ತ ಅರ್ಧ ಘಾಟಿ ಇಳಿದಿದ್ದೆವು. ಸುಟ್ಟ ವಾಸನೆ ಬಂತು. ಮುಂದಿನ ಎರಡು ತಿರುವು ಕಳೆಯುವಷ್ಟರಲ್ಲಿ ಅಣ್ಣ ಪೆಡಲನ್ನು ಒಂದೇ ಸಮನೆ ಪಂಪ್ ಮಾಡತೊಡಗಿದ. ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಗುತ್ತಿತ್ತು, ಕಾರು ನಿಲ್ಲುತ್ತಿರಲಿಲ್ಲ. ಗೇರ್ ಇಳಿಸಿ, ಹ್ಯಾಂಡ್‌ಬ್ರೇಕ್ ನಿಧಾನಕ್ಕೆ ಎಳೆದು, ಗುಡ್ಡದ ಬದಿಯ ಚರಂಡಿಗೆ ತಾಗಿಸಿ ನಿಲ್ಲಿಸಿದ. ಎದುರಿನಿಂದ ಬಸ್ ಬರಲಿಲ್ಲ ಎನ್ನುವುದಷ್ಟೇ ನಮ್ಮ ಪುಣ್ಯ. ಅಜ್ಜಿ ಧರ್ಮಸ್ಥಳದ ಮಂಜುನಾಥನಿಗೆ ಹರಕೆ ಹೇಳಿಕೊಂಡರು. ಒಂದು ಗಂಟೆ ಅಲ್ಲೇ ಕೂತಿದ್ದು, ಪೆಡಲ್ ಗಟ್ಟಿಯಾದ ಮೇಲೆ ಸಣ್ಣ ಗೇರಿನಲ್ಲಿ ಆಮೆ ಹಾಗೆ ಇಳಿದೆವು.

ಅದಾದ ವಾರದಲ್ಲೇ ಅಣ್ಣ ಒಂದು ಆ್ಯಕ್ಸೆಸರಿ ಅಂಗಡಿಗೆ ಹೋಗಿದ್ದಾನೆ. ಅವರು ನಾಲ್ಕು ಪಿಸ್ಟನ್ನಿನ ಕೆಂಪು ಕ್ಯಾಲಿಪರ್, ತೂತು ಕೊರೆದ ದೊಡ್ಡ ಡಿಸ್ಕ್ ತೋರಿಸಿ ‘ಸ್ಟಾಪಿಂಗ್ ಪವರ್ ಡಬಲ್ ಆಗ್ತದೆ ಸರ್’ ಎಂದಿದ್ದಾರೆ. ಜೀವದ ಪ್ರಶ್ನೆ ಬಂದಾಗ ಎಂಬತ್ತೈದು ಸಾವಿರ ದೊಡ್ಡದಲ್ಲ ಅನ್ನಿಸುವುದು ಸಹಜ. ಅಣ್ಣನ ಭಯ ಸುಳ್ಳಲ್ಲ. ಆದರೆ ಆ ಭಯಕ್ಕೆ ಕೊಟ್ಟ ಔಷಧಿ ಸರಿಯಾ? ಹಾಸ್ಟೆಲ್ಲಿನಲ್ಲಿ ಕೂತು ಲೆಕ್ಕ ಹಾಕಿದೆ.

ಮೊದಲು ‘ಡಬಲ್’ ವಿಷಯ. ನಿಲ್ಲಲು ಬೇಕಾದ ಕನಿಷ್ಠ ದೂರಕ್ಕೆ ಪಿಯುಸಿಯಲ್ಲೇ ಕಲಿತ ಸೂತ್ರ ಸಾಕು: ವೇಗದ ವರ್ಗವನ್ನು, 2 ಗುಣಿಸು ಮ್ಯೂ ಗುಣಿಸು ಜಿ ಇಂದ ಭಾಗಿಸುವುದು. ಇಲ್ಲಿ ಮ್ಯೂ ಅಂದರೆ ಟೈರ್ ಮತ್ತು ರಸ್ತೆಯ ನಡುವಿನ ಘರ್ಷಣೆ. ಒಣ ಡಾಂಬರಿನಲ್ಲಿ ಒಳ್ಳೆಯ ಟೈರಿಗೆ 0.8 ಎಂದು ಹಿಡಿದರೆ ಗಂಟೆಗೆ 100 ಕಿ.ಮೀ. ವೇಗದಿಂದ ನಿಲ್ಲಲು ಸುಮಾರು 49 ಮೀಟರ್. ಮಳೆಯಲ್ಲಿ ಅದೇ ಮ್ಯೂ 0.6ಕ್ಕೆ ಇಳಿದರೆ ಸುಮಾರು 66 ಮೀಟರ್. ಈ ಸೂತ್ರವನ್ನು ಇನ್ನೊಮ್ಮೆ ನೋಡಿ. ಅದರಲ್ಲಿ ಡಿಸ್ಕಿನ ಅಳತೆ ಎಲ್ಲಿದೆ? ಕ್ಯಾಲಿಪರಿನಲ್ಲಿ ಎಷ್ಟು ಪಿಸ್ಟನ್ ಇದೆ ಎನ್ನುವುದು ಎಲ್ಲಿದೆ? ಕಾರಿನ ತೂಕ ಕೂಡ ಇಲ್ಲ. (ತೂಕ ಯಾಕೆ ಇಲ್ಲ ಎನ್ನುವ ಪ್ರಶ್ನೆಯನ್ನು ನಮ್ಮ ಸೀನಿಯರ್ ಒಬ್ಬರಿಗೆ ಕ್ಯಾಂಪಸ್ ಇಂಟರ್‌ವ್ಯೂನಲ್ಲಿ ಕೇಳಿದ್ದರಂತೆ. ತೂಕ ಹೆಚ್ಚಿದರೆ ನಿಲ್ಲಿಸಬೇಕಾದ ಶಕ್ತಿಯೂ ಹೆಚ್ಚುತ್ತದೆ, ಟೈರಿನ ಹಿಡಿತವೂ ಅಷ್ಟೇ ಹೆಚ್ಚುತ್ತದೆ, ಎರಡೂ ವಜಾ ಆಗುತ್ತವೆ. ಕೆಲಸ ಹುಡುಕುತ್ತಿರುವವರು ನೆನಪಿಟ್ಟುಕೊಳ್ಳಿ.)

ಡಿಸ್ಕ್ ಮಾಡುವುದು ಚಕ್ರವನ್ನು ನಿಲ್ಲಿಸುವ ಕೆಲಸ. ಕಾರನ್ನು ನಿಲ್ಲಿಸುವುದು ಟೈರು. ಇದನ್ನು ನೀವೇ ಪರೀಕ್ಷಿಸಬಹುದು. ಖಾಲಿ ಜಾಗದಲ್ಲಿ, ಕಡಿಮೆ ವೇಗದಲ್ಲಿ ಬ್ರೇಕನ್ನು ಪೂರ್ತಿ ಒತ್ತಿದಾಗ ಪೆಡಲ್ ಕೆಳಗೆ ‘ಗರ ಗರ’ ಎಂದು ನಡುಗಿತೇ? ಅದು ಎಬಿಎಸ್. ಅಂದರೆ ಕಂಪನಿ ಕೊಟ್ಟ ಬ್ರೇಕಿಗೇ ಚಕ್ರವನ್ನು ಲಾಕ್ ಮಾಡುವಷ್ಟು ಬಲ ಇದೆ, ಟೈರಿನ ಹಿಡಿತ ಮುಗಿದಿದೆ, ಲಾಕ್ ಆಗದಂತೆ ಕಂಪ್ಯೂಟರ್ ತಡೆಯುತ್ತಿದೆ ಎಂದರ್ಥ. ಅದಕ್ಕೆ ಇನ್ನೂ ದೊಡ್ಡ ಬ್ರೇಕ್ ಹಾಕಿದರೆ ಎಬಿಎಸ್ ಇನ್ನಷ್ಟು ಬೇಗ ನಡುಗುತ್ತದೆ, ಅಷ್ಟೇ. ಹಗ್ಗ ಹಳತಾದ ಬಾವಿಗೆ ದೊಡ್ಡ ಕೊಡ ಇಳಿಸಿದ ಹಾಗೆ.

ಹಾಗಾದರೆ ರೇಸ್ ಕಾರುಗಳಿಗೆ ಅಷ್ಟು ದೊಡ್ಡ ಡಿಸ್ಕ್ ಯಾಕೆ? ಉತ್ತರ ಬಲ ಅಲ್ಲ, ಬಿಸಿ. ಬ್ರೇಕ್ ಎನ್ನುವುದು ಓಟವನ್ನು ಬಿಸಿಯಾಗಿ ಬದಲಿಸುವ ಯಂತ್ರ. ನಮ್ಮ ಕಾರು ಜನ, ಲಗೇಜು ಸೇರಿ 1,400 ಕಿಲೊ ಎಂದಿಟ್ಟುಕೊಳ್ಳಿ. ನೂರರ ವೇಗದಲ್ಲಿ ಅದರ ಚಲನಶಕ್ತಿ ಸುಮಾರು 540 ಕಿಲೊಜೂಲ್. ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ವಾಲುವುದರಿಂದ ಇದರ ಶೇ 70ರಷ್ಟನ್ನು ಮುಂದಿನ ಡಿಸ್ಕುಗಳೇ ನುಂಗುತ್ತವೆ ಎಂದು ಹಿಡಿಯೋಣ. ಎರಡೂ ಸೇರಿ 12 ಕಿಲೊ ಎರಕದ ಕಬ್ಬಿಣವಿದ್ದರೆ, ಒಂದು ಸಲ ನಿಲ್ಲಿಸಿದಾಗ ಅವುಗಳ ಬಿಸಿ ಸುಮಾರು 70 ಡಿಗ್ರಿ ಏರುತ್ತದೆ. ಒಂದು ಸಲಕ್ಕೆ ಏನೂ ಅಲ್ಲ. ಗಾಳಿ ತಾಗಿ ತಣ್ಣಗಾಗುತ್ತದೆ. ತಣ್ಣಗಾಗಲು ಬಿಡದೆ ಮತ್ತೆ ಮತ್ತೆ ನಿಲ್ಲಿಸಿದರೆ ಮಾತ್ರ ಕಷ್ಟ.

ಘಾಟಿಯಲ್ಲಿ ಆಗುವುದು ಅದೇ. ಲೆಕ್ಕ ಸುಲಭವಾಗಲಿ ಎಂದು ಇಳಿಜಾರಿನ ಎತ್ತರ 700 ಮೀಟರ್ ಅಂದುಕೊಳ್ಳಿ. 1,400 ಕಿಲೊ ಕಾರು ಅಷ್ಟು ಕೆಳಗೆ ಇಳಿದರೆ ಕಳೆದುಕೊಳ್ಳಬೇಕಾದ ಶಕ್ತಿ ಸುಮಾರು 9,600 ಕಿಲೊಜೂಲ್. ಅದನ್ನು 540ರಿಂದ ಭಾಗಿಸಿದೆ. ಹದಿನೆಂಟಕ್ಕೆ ಸ್ವಲ್ಪ ಕಡಿಮೆ ಬಂತು. ಲೆಕ್ಕ ತಪ್ಪಿರಬೇಕು ಎಂದು ಎರಡು ಸಲ ನೋಡಿದೆ, ತಪ್ಪಿರಲಿಲ್ಲ. ಮೂವತ್ತು ನಲವತ್ತರ ವೇಗದಲ್ಲಿ ‘ನಿಧಾನಕ್ಕೇ’ ಘಾಟಿ ಇಳಿಯುವುದು ಎಂದರೆ, ನೂರರ ವೇಗದಿಂದ ಹದಿನೆಂಟು ಸಲ ಬ್ರೇಕ್ ಒತ್ತಿ ನಿಲ್ಲಿಸಿದ ಹಾಗೆ! ಅದರಲ್ಲಿ ಒಂದು ಪಾಲನ್ನು ಟೈರಿನ ಉರುಳುವಿಕೆ ಮತ್ತು ಗಾಳಿ ತೆಗೆದುಕೊಳ್ಳುತ್ತವೆ, ನಿಜ. ಉಳಿದದ್ದು ಎಲ್ಲಿಗೆ ಹೋಗಬೇಕು? ಒಂದೋ ಬ್ರೇಕಿಗೆ, ಇಲ್ಲವೇ ಎಂಜಿನ್‌ಗೆ.

ಬಿಸಿ ಹೆಚ್ಚಾದಾಗ ಬ್ರೇಕ್ ಕೈಕೊಡುವುದು ಎರಡು ರೀತಿಯಲ್ಲಿ. ಇವೆರಡರ ವ್ಯತ್ಯಾಸ ತಿಳಿಯದೆ ಯಾವ ಅಪ್‌ಗ್ರೇಡೂ ಆರಿಸಬೇಡಿ ಎಂದೇ ನಾನು ಹೇಳುತ್ತೇನೆ. ಮೊದಲನೆಯದು, ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಎಷ್ಟು ತುಳಿದರೂ ಕಾರು ನಿಲ್ಲುವುದಿಲ್ಲ. ಇಲ್ಲಿ ಪ್ಯಾಡ್ ಸೋತಿದೆ. ಅದರ ಮಿಶ್ರಣ ಅತಿಯಾಗಿ ಕಾದು ಘರ್ಷಣೆ ಕಳೆದುಕೊಂಡಿದೆ. ಎರಡನೆಯದು, ಪೆಡಲ್ ಮೆತ್ತಗಾಗಿ ನೆಲಕ್ಕೆ ಇಳಿಯುತ್ತದೆ. ಇಲ್ಲಿ ಸೋತಿರುವುದು ಪೈಪಿನೊಳಗಿನ ದ್ರವ. ಗ್ಯಾರೇಜಿನಲ್ಲಿ ಅದನ್ನು ಬ್ರೇಕ್ ಆಯಿಲ್ ಎನ್ನುತ್ತಾರೆ, ನಿಜವಾಗಿ ಅದು ಎಣ್ಣೆಯೇ ಅಲ್ಲ. ಗ್ಲೈಕಾಲ್ ಜಾತಿಯ ದ್ರವ, ನೀರನ್ನು ಹೀರುವುದು ಅದರ ಗುಣ. ವರ್ಷಗಟ್ಟಲೆ ಬದಲಿಸದಿದ್ದರೆ ಗಾಳಿಯ ತೇವ ಹೀರಿಕೊಂಡು ಅದರ ಕುದಿಯುವ ಮಟ್ಟ ಇಳಿಯುತ್ತ ಹೋಗುತ್ತದೆ. ಕ್ಯಾಲಿಪರ್ ಕಾದಾಗ ಅಲ್ಲೇ ಕುದಿದು ಗುಳ್ಳೆ ಏಳುತ್ತದೆ. ದ್ರವವನ್ನು ಅದುಮಲಾಗದು, ಗುಳ್ಳೆಯನ್ನು ಅದುಮಬಹುದು. ನಮ್ಮ ಕಾಲಿನ ಬಲವೆಲ್ಲ ಗುಳ್ಳೆ ಅದುಮುವುದರಲ್ಲೇ ಮುಗಿಯುತ್ತದೆ.

ಚಾರ್ಮಾಡಿಯಲ್ಲಿ ನಮಗೆ ಆದದ್ದು ಈ ಎರಡನೆಯದು. ಅಣ್ಣನಿಗೆ ಫೋನ್ ಮಾಡಿ ಸರ್ವಿಸ್ ಪುಸ್ತಕ ತೆಗೆಸಿದೆ. ಹಿಂದಿನ ಮಾಲೀಕರು ಎಂಜಿನ್ ಆಯಿಲನ್ನು ಸರಿಯಾಗಿ ಬದಲಿಸಿದ್ದರು, ಬ್ರೇಕ್ ಆಯಿಲ್ ಐದು ವರ್ಷದಿಂದ ಅದೇ. ಮುಚ್ಚಳ ತೆರೆದು ಫೋಟೊ ಕಳಿಸು ಎಂದೆ. ತಿಳಿ ಜೇನಿನ ಬಣ್ಣ ಇರಬೇಕಾದದ್ದು ಕಾಫಿ ಕಷಾಯದ ಹಾಗೆ ಕಂಡಿತು.

ಡಬ್ಬಿಯ ಮೇಲೆ ‘ಡಾಟ್ 3’, ‘ಡಾಟ್ 4’ ಎಂದು ಬರೆದಿರುತ್ತದಲ್ಲ, ಅದು ಕುದಿಯುವ ಮಟ್ಟದ ದರ್ಜೆ. ಹೊಸ ದ್ರವಕ್ಕೆ ಡಾಟ್ 3ರಲ್ಲಿ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್, ಡಾಟ್ 4ರಲ್ಲಿ 230, ಡಾಟ್ 5.1ರಲ್ಲಿ 260. ಅದೇ ದ್ರವ ಶೇ 3.7ರಷ್ಟು ನೀರು ಕುಡಿದ ಮೇಲೆ ಈ ಮಟ್ಟ ಕ್ರಮವಾಗಿ 140, 155, 180. ಅಂದರೆ ಹಳೇ ಡಾಟ್ 4, ಹೊಸ ಡಾಟ್ 3ಕ್ಕಿಂತ ಕೆಟ್ಟದು. ಡಾಟ್ 5 ಎಂಬುದೂ ಇದೆ, ಅದು ಸಿಲಿಕೋನ್. ನಂಬರ್ ದೊಡ್ಡದು ಎಂದು ತಂದು ಸುರಿಯಬೇಡಿ, ಇವುಗಳೊಂದಿಗೆ ಅದು ಬೆರೆಯುವುದಿಲ್ಲ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ, ಪೈಪಿನಲ್ಲಿ ಗಾಳಿ ಉಳಿಯದಂತೆ ಬ್ಲೀಡ್ ಮಾಡಿಸಿದರೆ ಆಯಿತು. ಖರ್ಚು ಒಂದೂವರೆ ಸಾವಿರದ ಒಳಗೆ. ಎಂಬತ್ತೈದು ಸಾವಿರದ ಕಿಟ್ ಹಾಕಿ ಹಳೇ ಆಯಿಲನ್ನೇ ಉಳಿಸಿಕೊಂಡಿದ್ದರೆ? ಕೆಂಪು ಕ್ಯಾಲಿಪರಿನೊಳಗೂ ಅದು ಕುದಿಯುತ್ತಿತ್ತು.

ಇದನ್ನೆಲ್ಲ ಹೇಳಿದಾಗ ಅಣ್ಣ ಒಪ್ಪಿದ. ಅವನ ಜೊತೆಗಿದ್ದ ಫ್ರೆಂಡ್ ಒಪ್ಪಲಿಲ್ಲ. ಸ್ಪೀಕರಿನಲ್ಲಿ ಅವರ ದನಿ ಕೇಳಿತು: ‘ಪುಸ್ತಕ ಓದಿ ಹೇಳ್ತಾರೆ, ಗಾಡಿ ಓಡಿಸಿದವ್ರಿಗೆ ಗೊತ್ತು’. ನನಗೆ ಸಿಟ್ಟು ಬಂತು, ಉತ್ತರ ಕೊಡಲಿಲ್ಲ. ಆದರೆ ಅವರು ಕೇಳಿದ ಇನ್ನೊಂದು ಪ್ರಶ್ನೆ ಸರಿಯಾಗಿಯೇ ಇತ್ತು. ದೊಡ್ಡ ಡಿಸ್ಕ್ ಬಿಸಿಯನ್ನು ಹೆಚ್ಚು ತಡೆದುಕೊಳ್ಳುತ್ತದೆ ಎಂದ ಮೇಲೆ ಹಾಕಿಸಿದರೆ ನಷ್ಟವೇನು?

ನಷ್ಟ ಇದೆ. ಕಂಪನಿಯವರು ಮುಂದಿನ ಡಿಸ್ಕ್, ಹಿಂದಿನ ಡ್ರಮ್, ಮಾಸ್ಟರ್ ಸಿಲಿಂಡರ್, ಎಬಿಎಸ್ ಎಲ್ಲವನ್ನೂ ಒಂದಕ್ಕೊಂದು ಹೊಂದಿಸಿರುತ್ತಾರೆ. ಮುಂದೆ ಮಾತ್ರ ಬಲ ಹೆಚ್ಚಿಸಿದರೆ, ಹಿಂದಿನ ಚಕ್ರ ತನ್ನ ಪಾಲಿನ ಕೆಲಸ ಮಾಡುವ ಮೊದಲೇ ಮುಂದಿನದು ಲಾಕ್ ಆಗುವ ಹಂತಕ್ಕೆ ಬರುತ್ತದೆ. ಎಬಿಎಸ್ ಇಲ್ಲದ ಹಳೆಯ ಕಾರಿನಲ್ಲಿ ಇದರಿಂದ ನಿಲ್ಲುವ ದೂರ ಹೆಚ್ಚಾದರೂ ಆಶ್ಚರ್ಯವಿಲ್ಲ. ಕ್ಯಾಲಿಪರಿನಲ್ಲಿ ಪಿಸ್ಟನ್ನಿನ ಒಟ್ಟು ವಿಸ್ತೀರ್ಣ ಹೆಚ್ಚಾದರೆ ಅದಕ್ಕೆ ಹೆಚ್ಚು ದ್ರವ ಬೇಕು. ಮಾಸ್ಟರ್ ಸಿಲಿಂಡರ್ ಹಳೆಯದೇ ಇದ್ದರೆ ಪೆಡಲ್ ಇನ್ನಷ್ಟು ಕೆಳಗೆ ಹೋಗುತ್ತದೆ. ದೊಡ್ಡ ಡಿಸ್ಕ್ 15 ಇಂಚಿನ ಚಕ್ರದೊಳಗೆ ಕೂರದಿದ್ದರೆ ಹೊಸ ಅಲಾಯ್, ಹೊಸ ಟೈರ್. ಆಗ ಎಂಬತ್ತೈದು ಸಾವಿರ ಬರೀ ಮುಂಗಡ! ಇನ್ನು ಡಿಸ್ಕಿನ ತೂತುಗಳು. ನೋಡಲು ಚೆಂದ, ಆದರೆ ಪದೇ ಪದೇ ಕಾದು ತಣಿದಾಗ ಬಿರುಕು ಶುರುವಾಗುವುದು ಆ ತೂತಿನ ಅಂಚಿನಲ್ಲೇ. ತೂತು ಕೊರೆದಷ್ಟು ಕಬ್ಬಿಣವೂ ಕಡಿಮೆ, ಅಂದರೆ ಬಿಸಿ ಹಿಡಿದಿಡುವ ಜಾಗವೂ ಕಡಿಮೆ.

ಕೆಲವರು ಕೇಳುತ್ತಾರೆ, ಹಿಂದಿನ ಡ್ರಮ್ ತೆಗೆದು ಡಿಸ್ಕ್ ಮಾಡಿಸಬಹುದಲ್ಲ? 145 ಪಿಎಸ್‌ನ ಅಬಾರ್ಥ್ ಪುಂಟೊ, ಬಲೆನೊ ಆರ್‌ಎಸ್, ಐ20 ಎನ್ ಲೈನ್‌ಗೆಲ್ಲ ನಾಲ್ಕೂ ಚಕ್ರಕ್ಕೆ ಡಿಸ್ಕ್ ಕೊಟ್ಟಿದ್ದಾರಲ್ಲ? ಕೊಟ್ಟಿದ್ದಾರೆ, ಕಾರ್ಖಾನೆಯಲ್ಲೇ, ಅದಕ್ಕೆ ತಕ್ಕ ಎಬಿಎಸ್ ಹೊಂದಾಣಿಕೆಯ ಜೊತೆಗೆ. ಹೊರಗೆ ಮಾಡಿಸುವಾಗ ಹ್ಯಾಂಡ್‌ಬ್ರೇಕ್ ಕೇಬಲ್ಲಿನಿಂದ ಹಿಡಿದು ಎಲ್ಲವೂ ಬದಲಾಗಬೇಕು. ಜೋರಾಗಿ ಬ್ರೇಕ್ ಒತ್ತಿದಾಗ ಇಂಥ ಪುಟ್ಟ ಕಾರಿನ ಹಿಂದಿನ ಚಕ್ರಗಳ ಮೇಲೆ ಉಳಿಯುವುದು ಒಟ್ಟು ಭಾರದ ಕಾಲು ಭಾಗಕ್ಕಿಂತಲೂ ಕಡಿಮೆ. ಆರೋಗ್ಯವಾಗಿರುವ ಡ್ರಮ್ ಆ ಕೆಲಸ ಮಾಡುತ್ತದೆ.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದ ಮಾರ್ಪಾಡಿನ ಬಗ್ಗೆಯೇ ಇರುವುದು. ತಯಾರಕರ ಮೂಲ ವಿನ್ಯಾಸಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಅಪಘಾತವಾದ ದಿನ ಇನ್ಶೂರೆನ್ಸ್ ಸರ್ವೇಯರ್ ಮುಂದೆ ಕಿಟ್ ಬಗ್ಗೆ ವಿವರಣೆ ಕೊಡುವ ಪರಿಸ್ಥಿತಿ ಯಾರಿಗೂ ಬೇಡ. ಸವೆದ ಪ್ಯಾಡಿನ ಜಾಗಕ್ಕೆ ಅದೇ ಅಳತೆಯ ಒಳ್ಳೆಯ ಪ್ಯಾಡ್ ಹಾಕುವುದು ಬೇರೆ ಮಾತು, ಅದು ನಿರ್ವಹಣೆ.

ದೊಡ್ಡ ಬ್ರೇಕ್ ಯಾರಿಗೂ ಬೇಡ ಅಂತಲ್ಲ. ಚೆನ್ನೈ ಹತ್ತಿರದ ಇರುಂಗಾಟುಕೋಟೈ ಟ್ರ್ಯಾಕಿಗೋ, ಕೊಯಮತ್ತೂರಿನ ಕರಿ ಸ್ಪೀಡ್‌ವೇಗೋ ಹೋಗಿ, ಸುತ್ತಿನ ಮೇಲೆ ಸುತ್ತು ಹಾಕುವವರಿಗೆ ಬೇಕು. ನೂರೈವತ್ತರ ವೇಗದಲ್ಲಿ ಚಲನಶಕ್ತಿ ನೂರರದ್ದಕ್ಕಿಂತ ಎರಡೂಕಾಲು ಪಟ್ಟು. ಅವರು ಕೂಡ ಆಯಿಲ್, ಪ್ಯಾಡ್ ಮುಗಿಸಿ ಆಮೇಲೆ ಡಿಸ್ಕಿಗೆ ಬಂದರೆ ದುಡ್ಡು ಉಳಿಯುತ್ತದೆ.

ಪ್ಯಾಡ್ ಆರಿಸುವುದರಲ್ಲೇ ನಾನು ಹೆಚ್ಚು ಸಮಯ ಕಳೆದದ್ದು. ಪ್ಯಾಡಿನ ಚರಿತ್ರೆಯೇ ಇಳಿಜಾರಿನಿಂದ ಶುರುವಾಗುತ್ತದೆ ಎನ್ನುವುದು ಹುಡುಕುವಾಗ ಸಿಕ್ಕ ಖುಷಿಯ ವಿಷಯ. 1888ರಲ್ಲಿ ಕಾರ್ಲ್ ಬೆಂಜ್ ಅವರ ಹೆಂಡತಿ ಬರ್ತಾ ಬೆಂಜ್, ಗಂಡನಿಗೆ ಹೇಳದೆ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಜರ್ಮನಿಯ ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ನೂರಕ್ಕೂ ಹೆಚ್ಚು ಕಿಲೊಮೀಟರ್ ಕಾರು ಓಡಿಸಿಕೊಂಡು ಹೋದರು. ಇಳಿಜಾರುಗಳಲ್ಲಿ ಬ್ರೇಕಿನ ಮರದ ತುಂಡು ಸವೆದಾಗ ದಾರಿಯಲ್ಲಿದ್ದ ಚಪ್ಪಲಿ ಹೊಲಿಯುವವರ ಹತ್ತಿರ ಅದಕ್ಕೆ ಚರ್ಮ ಹೊಡೆಸಿದರು. ಬ್ರೇಕ್ ಲೈನಿಂಗ್ ಹುಟ್ಟಿದ್ದು ಹೀಗೆ. ‘ಕಾರಿನ ಬಗ್ಗೆ ಹುಡುಗಿಯರಿಗೇನು ಗೊತ್ತು’ ಎಂದು ಇನ್ನು ಯಾರಾದರೂ ಕೇಳಿದರೆ ಹೇಳಲು ನನಗೊಂದು ಹೆಸರು ಸಿಕ್ಕಿತು.

ಇವತ್ತಿನ ಪ್ಯಾಡ್‌ಗಳಲ್ಲಿ ಆರ್ಗಾನಿಕ್, ಸೆಮಿ-ಮೆಟಾಲಿಕ್, ಸೆರಾಮಿಕ್ ಎಂಬ ಮಾತು ಕೇಳುತ್ತೀರಿ. ಸ್ಥೂಲವಾಗಿ ಹೇಳುವುದಾದರೆ ಆರ್ಗಾನಿಕ್ ಮೆತ್ತಗೆ, ಸದ್ದಿಲ್ಲ, ಬೇಗ ಸವೆಯುತ್ತದೆ, ಹೆಚ್ಚು ಬಿಸಿ ತಡೆಯದು. ಸೆಮಿ-ಮೆಟಾಲಿಕ್ ಬಿಸಿ ತಡೆಯುತ್ತದೆ, ಸ್ವಲ್ಪ ಕೀರಲು ಸದ್ದು, ಚಕ್ರದ ಮೇಲೆ ಕಪ್ಪು ಪುಡಿ. ಸೆರಾಮಿಕ್ ಪುಡಿ ಕಡಿಮೆ, ಬೆಲೆ ಜಾಸ್ತಿ. ಹೆಸರಿಗಿಂತ ಉಪಯೋಗಕ್ಕೆ ಬರುವುದು ಹಲವು ಪ್ಯಾಡ್‌ಗಳ ಅಂಚಿನಲ್ಲಿ ಅಚ್ಚಾಗಿರುವ ಎರಡು ಇಂಗ್ಲಿಷ್ ಅಕ್ಷರ. ‘ಇ’ ಎಂದರೆ ಘರ್ಷಣೆ 0.25ರಿಂದ 0.35, ‘ಎಫ್’ ಎಂದರೆ 0.35ರಿಂದ 0.45, ‘ಜಿ’ ಎಂದರೆ 0.45ರಿಂದ 0.55. ಮೊದಲ ಅಕ್ಷರ ಸಾಮಾನ್ಯ ಬಿಸಿಯಲ್ಲಿ, ಎರಡನೆಯದು ಚೆನ್ನಾಗಿ ಕಾದಾಗ. ‘ಎಫ್ಇ’ ಇದ್ದರೆ ಕಾದಾಗ ಹಿಡಿತ ಇಳಿಯುತ್ತದೆ ಎಂದರ್ಥ. ‘ಎಫ್ಎಫ್’ ಇದ್ದರೆ ಎರಡೂ ಸಲ ಒಂದೇ. ಘಾಟಿ ದಾರಿಯವರು ನೋಡಬೇಕಾದದ್ದು ಎರಡನೇ ಅಕ್ಷರ. ಪೂರ್ತಿ ರೇಸಿಂಗ್ ಪ್ಯಾಡ್ ಮಾತ್ರ ಬೇಡ. ಅದು ಕಾದ ಮೇಲೆಯೇ ಚೆನ್ನಾಗಿ ಹಿಡಿಯುವುದು, ಬೆಳಿಗ್ಗೆ ಮನೆಯಿಂದ ಹೊರಟು ಮೊದಲ ಸಿಗ್ನಲ್ಲಿನಲ್ಲಿ ನಿಲ್ಲಬೇಕಾದವರಿಗೆ ಅದು ಅಪಾಯ.

ಕೊನೆಗೆ ಅಣ್ಣ ಕಾರನ್ನು ಊರಿಗೆ ತಂದ. ಈ ಸಲ ಶಿರಾಡಿ ದಾರಿಯಲ್ಲಿ, ಹಗಲು ಹೊತ್ತು, ಒಬ್ಬನೇ, ಬೆಂಗಳೂರಲ್ಲೇ ಹೊಸ ಬ್ರೇಕ್ ಆಯಿಲ್ ಹಾಕಿಸಿಕೊಂಡು. ನಮ್ಮೂರಿನ ಗ್ಯಾರೇಜಿನಲ್ಲಿ ಚಕ್ರ ಬಿಚ್ಚಿಸಿದೆವು. ಡಿಸ್ಕಿನ ಮೇಲೆ ಕನಿಷ್ಠ ದಪ್ಪ ಎಷ್ಟಿರಬೇಕು ಎಂದು ಅಚ್ಚೊತ್ತಿರುತ್ತದೆ. ವರ್ನಿಯರಿನಲ್ಲಿ ಅಳೆದರೆ ಅದರ ದವಡೆ ಡಿಸ್ಕಿನ ಸವೆಯದೆ ಉಳಿದ ಅಂಚಿಗೆ ತಾಗಿ ದಪ್ಪ ಹೆಚ್ಚು ತೋರಿಸುತ್ತದೆ, ಹಾಗಾಗಿ ಮೈಕ್ರೊಮೀಟರ್ ಬೇಕು. ಗ್ಯಾರೇಜಿನ ಅಣ್ಣನ ಹತ್ತಿರ ಇತ್ತು. ‘ಮೇಡಂ, ನೀವೇ ಅಳೆಯಿರಿ’ ಎಂದು ಕೈಗೆ ಕೊಟ್ಟರು. ಮೂರೂ ಕಡೆ ಅಳೆದೆ. ಕನಿಷ್ಠಕ್ಕೆ ತೀರಾ ಹತ್ತಿರ ಬಂದಿತ್ತು. ಕಂಪನಿ ಅಳತೆಯದೇ ಸಾದಾ ಡಿಸ್ಕ್ ತರಿಸಿದೆವು, ತೂತಿಲ್ಲದ್ದು.

ಟೈರ್ ನೋಡಿದಾಗ ನನಗೆ ಬ್ರೇಕಿಗಿಂತ ಹೆಚ್ಚು ಭಯವಾಯಿತು. ಬದಿಯಲ್ಲಿ 3217 ಎಂದಿತ್ತು. 2017ರ 32ನೇ ವಾರದಲ್ಲಿ ತಯಾರಾದದ್ದು. ಗೆರೆ ಇನ್ನೂ ಚೆನ್ನಾಗಿಯೇ ಉಳಿದಿತ್ತು, ಅದಕ್ಕೇ ಯಾರೂ ಬದಲಿಸಿಲ್ಲ. ರಬ್ಬರ್ ಮಾತ್ರ ಹಳೇ ಚಪ್ಪಲಿಯ ಹಾಗೆ ಗಟ್ಟಿಯಾಗಿತ್ತು, ಬದಿಯಲ್ಲಿ ಸಣ್ಣ ಸೀಳು. ಆ ಸೂತ್ರದ ಮ್ಯೂ ಇರುವುದೇ ಇಲ್ಲಿ. ನಾಲ್ಕನ್ನೂ ಬದಲಿಸಿದೆವು. ಬಿಲ್ಲಿನಲ್ಲಿ ದೊಡ್ಡ ಮೊತ್ತ ಅದೇ, 24,000. ಡಿಸ್ಕ್, ‘ಎಫ್ಎಫ್’ ಪ್ಯಾಡ್, ಬ್ರೇಕ್ ಆಯಿಲ್, ಕೂಲಿ ಎಲ್ಲ ಸೇರಿ ಒಟ್ಟು 37,000 ಆಯಿತು. ಸ್ಟೀಲ್ ಹೆಣಿಗೆಯ ಬ್ರೇಕ್ ಹೋಸ್ ಹಾಕುವ ಯೋಚನೆಯೂ ಇತ್ತು. ಹಳೇ ರಬ್ಬರ್ ಹೋಸ್ ಒತ್ತಡಕ್ಕೆ ಉಬ್ಬುವುದರಿಂದ ಅದು ಪೆಡಲನ್ನು ಗಟ್ಟಿ ಮಾಡುತ್ತದೆ ಎನ್ನುವುದು ನಿಜ. ನಮ್ಮದರಲ್ಲಿ ಬಿರುಕಿರಲಿಲ್ಲ, ಬಿಟ್ಟೆವು. ಕ್ಯಾಲಿಪರಿಗೆ ಸಿಕ್ಕಿಸುವ ಕೆಂಪು ಪ್ಲಾಸ್ಟಿಕ್ ಕವರ್ ತರುತ್ತೇನೆ ಎಂದು ಅಣ್ಣ ಹಟ ಹಿಡಿದ. ಬಿಸಿ ಹೊರಹೋಗಬೇಕಾದ ಜಾಗಕ್ಕೆ ಸ್ವೆಟರ್ ಹಾಕಿದಂತೆ ಎಂದೆ. ಅಷ್ಟು ಬಣ್ಣ ಬೇಕಿದ್ದರೆ ಬಿಸಿ ತಡೆಯುವ ಪೇಂಟ್ ಬಳಿ ಎಂದು ರಾಜಿಯಾಯಿತು.

ಹೊಸ ಪ್ಯಾಡ್ ಹಾಕಿದ ಕೂಡಲೇ ಪೂರ್ತಿ ಹಿಡಿಯುವುದಿಲ್ಲ. ಭಾನುವಾರ ಬೆಳಿಗ್ಗೆ ಆರಕ್ಕೆ ಖಾಲಿ ರಸ್ತೆಯಲ್ಲಿ ಐವತ್ತರಿಂದ ಹತ್ತಕ್ಕೆ, ಪೂರ್ತಿ ನಿಲ್ಲಿಸದೆ, ಹತ್ತು ಸಲ ಇಳಿಸಿ, ಆಮೇಲೆ ಬ್ರೇಕ್ ಮುಟ್ಟದೆ ನಾಲ್ಕಾರು ಕಿಲೊಮೀಟರ್ ತಣ್ಣಗೆ ಓಡಿಸಿದೆವು. ಪ್ಯಾಡಿನ ತೆಳು ಪದರ ಡಿಸ್ಕಿನ ಮೇಲೆ ಸಮನಾಗಿ ಕೂರಬೇಕು, ಅದಕ್ಕೆ ಈ ಕಸರತ್ತು.

ಇಷ್ಟರಲ್ಲಿ ದೊಡ್ಡಪ್ಪ ಎಲ್ಲವನ್ನೂ ನೋಡುತ್ತ ಕೂತಿದ್ದರು. ಅವರು ಹಿಂದೆ ಇಪ್ಪತ್ತು ವರ್ಷ ಅಡಿಕೆ ಹೇರಿಕೊಂಡು ಇದೇ ಘಾಟಿಯಲ್ಲಿ ಲಾರಿ ಓಡಿಸಿದವರು. ‘ಎಂತ ಮಾರಾಯ, ಹತ್ತಿದ ಗೇರಲ್ಲೇ ಇಳೀಬೇಕು ಅಂತ ನಿಂಗೆ ಯಾರೂ ಹೇಳ್ಲಿಲ್ವಾ?’ ಎಂದು ಅಣ್ಣನನ್ನು ಕೇಳಿದರು. ‘ಇದು ಆಟೊಮ್ಯಾಟಿಕ್ ಅಪ್ಪ, ಗೇರು ಅದೇ ಹಾಕ್ತದೆ’ ಎಂದ ಅಣ್ಣ. ಅಲ್ಲೇ ಇರುವುದು ಸಮಸ್ಯೆ. ‘ಡಿ’ನಲ್ಲಿ ಬಿಟ್ಟರೆ ಡಿಎಸ್‌ಜಿ ಪೆಟ್ರೋಲ್ ಉಳಿಸಲೆಂದು ದೊಡ್ಡ ಗೇರಿಗೆ ಹೋಗುತ್ತದೆ, ಎಂಜಿನ್ ಹಿಡಿಯುವುದೇ ಇಲ್ಲ. ಲಿವರನ್ನು ಪಕ್ಕಕ್ಕೆ ಸರಿಸಿ ಮ್ಯಾನುಯಲ್‌ಗೆ ತಂದು ಎರಡನೇ ಗೇರಿನಲ್ಲಿ ಇಟ್ಟರೆ ಎಂಜಿನ್ನೇ ಕಾರನ್ನು ಎಳೆದು ಹಿಡಿಯುತ್ತದೆ.

ಮುಂದಿನ ಶನಿವಾರ ಅದನ್ನೂ ನೋಡಿಯೇ ಬಿಡೋಣ ಎಂದು ನಾನು ಮತ್ತು ಅಣ್ಣ ಕೊಟ್ಟಿಗೆಹಾರದಿಂದ ಎರಡು ಸಲ ಇಳಿದೆವು. ಒಮ್ಮೆ ‘ಡಿ’ನಲ್ಲಿ, ಅದೂ ಘಾಟಿಯ ಮೇಲಿನ ಸ್ವಲ್ಪ ದೂರ ಮಾತ್ರ. ಡಿಸ್ಕ್ ಪೂರ್ತಿ ತಣಿದ ಮೇಲೆ ಅದೇ ದೂರವನ್ನು ಎರಡನೇ ಗೇರಿನಲ್ಲಿ. ಎರಡೂ ಸಲ ಒಂದೇ ಜಾಗದಲ್ಲಿ ನಿಲ್ಲಿಸಿ, ಗೆಳತಿಯಿಂದ ಎರವಲು ತಂದ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ಮುಂದಿನ ಡಿಸ್ಕ್ ನೋಡಿದೆ. ಹೊಳೆಯುವ ಲೋಹದ ಮೇಲೆ ಆ ಉಪಕರಣ ಕಡಿಮೆ ತೋರಿಸುತ್ತದೆ, ಹಾಗಾಗಿ ಅದು ತೋರಿಸಿದ ಡಿಗ್ರಿಯನ್ನು ನಾನು ನಂಬುವುದಿಲ್ಲ. ಎರಡರ ಹೋಲಿಕೆಯನ್ನು ನಂಬಬಹುದು. ಎರಡನೇ ಸಲ ತೋರಿಸಿದ್ದು ಮೊದಲಿನದರ ಅರ್ಧಕ್ಕಿಂತ ತುಸು ಹೆಚ್ಚು. ಅಣ್ಣ ಮೀಟರನ್ನು ಕಸಿದುಕೊಂಡು ತಾನೇ ಇನ್ನೊಮ್ಮೆ ನೋಡಿದ. ಆಮೇಲೆ ಫ್ರೆಂಡಿಗೆ ಫೋಟೊ ಕಳಿಸಿದ.

ಹಿಂದಿನ ಡ್ರಮ್ಮಿನ ಶೂ ಅರ್ಧಕ್ಕಿಂತ ಹೆಚ್ಚು ಉಳಿದಿವೆ, ಅವನ್ನು ಮುಂದಿನ ಸರ್ವಿಸಿನಲ್ಲಿ ನೋಡಬೇಕು. ಬ್ರೇಕ್ ಆಯಿಲ್ ಬದಲಿಸಿದ ತಾರೀಕು, ಮತ್ತೆ ಬದಲಿಸಬೇಕಾದ ತಾರೀಕು ಎರಡನ್ನೂ ಚೀಟಿಯಲ್ಲಿ ಬರೆದು ಬಾನೆಟ್ಟಿನ ಒಳಗೆ ಅಂಟಿಸಿದ್ದೇನೆ.